ತುರಿಮಣೆಯ ಹಲ್ಲು

ಮಾವನ ಅನ್ನ ಉಂಡು ಮಾವನ ಕೆಲಸಕ್ಕೇ ಕಲ್ಲು ಹಾಕಿದವನು ಈ ಪೂವಪ್ಪ. ಬಂದರಿನ ವರ್ಕ್‌ಶಾಪಿನಲ್ಲಿ ಲೋಹ ಕಡೆಯುವ ಲೇತ್ ಯಂತ್ರ ನಡೆಸುತ್ತಿದ್ದ ಸೋದರಮಾವ ಮುದ್ದು ಮೇಸ್ತ್ರಿಯೇ ಅವನ ಕೈಹಿಡಿದು ಕೆಲಸ ಕಲಿಸಿದ್ದು. ಮುದುಕನ ಕಣ್ಣು ಮಂಜಾಗಿದೆ, ಎಂದಾದರೂ ಬೆರಳು ಕಳೆದುಕೊಂಡಾನು ಎಂದು ಧಣಿಯ ಕಿವಿ ಕಚ್ಚಿದವನೂ ಇವನೇ. ಮುದ್ದು ಉಳಿಗಳ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಕೂಳೂರಿನ ಮನೆ ಸೇರಿದ. ಅವನ ಜಾಗ ಅಳಿಯನಿಗೆ ಸಿಕ್ಕಿತು.

ಮಾವ ಬಿಟ್ಟುಹೋದ ಪೆಟ್ಟಿಗೆಯಲ್ಲಿ ಒಂದು ಉಳಿ ಮಾತ್ರ ಪೂವಪ್ಪನಿಗೆ ಅರ್ಥವಾಗಲಿಲ್ಲ. ಚಪ್ಪಟೆ ಉಕ್ಕು, ತುದಿಯಲ್ಲಿ ಬಾಚಣಿಗೆಯ ಹಾಗೆ ಹಲ್ಲು. ಆ ಹಳೆಯ ಲೇತಿಗೆ ಥ್ರೆಡ್, ಅಂದರೆ ತಿರುಪಿನ ಸುತ್ತುಗೆರೆ, ಹಾಕುವ ಗಿಯರ್‌ಗಳೇ ಇರಲಿಲ್ಲ; ಆದರೂ ಮುದ್ದು ಹಿತ್ತಾಳೆಗೆ ಥ್ರೆಡ್ ಹಾಕುತ್ತಿದ್ದ. ಆಗ ಯಾರನ್ನೂ ಬಳಿಗೆ ಬಿಡುತ್ತಿರಲಿಲ್ಲ. ಕೊನೆಯ ವಿದ್ಯೆ ಕೊನೆಗೇ, ತಾನು ಕೆಲಸ ಬಿಡುವ ದಿನ ಕೊಡುವುದು ಎನ್ನುತ್ತಿದ್ದ. ಬಿಡಿಸಿ ಕಳಿಸಿದರೆ ಯಾರು ಕೊಡುತ್ತಾರೆ? ಹೋಗಿ ಕೇಳೋಣವೆಂದರೆ ಕೇಳಲು ಮುಖ ಬೇಕಲ್ಲ!

ಹೆಂಡತಿ ಅಕ್ಕುವಿನ ತುರಿಮಣೆಯ ಹಲ್ಲು ಸವೆದಿತ್ತು. ಪೂವಪ್ಪ ಉಳಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು ಗುಂಡಗೆ ಬಗ್ಗಿಸಿ ಮಣೆಗೆ ಕೂರಿಸಿದ. ತೆಂಗಿನ ತುರಿ ಹೂವಿನ ಹಾಗೆ ಉದುರಿತು. ತನ್ನ ಜಾಣತನಕ್ಕೆ ಅವನೇ ಹಿಗ್ಗಿದ.

ಅಷ್ಟರಲ್ಲಿ ಜರ್ಮನಿಯೊಡನೆ ಯುದ್ಧ ಹತ್ತಿ ಸೀಮೆಯಿಂದ ಸಾಮಾನು ಬರುವುದು ನಿಂತಿತು. ಹೆಂಚಿನ ಕಾರ್ಖಾನೆಯ ಬಾಯ್ಲರಿಗೆ ಥ್ರೆಡ್ ಹಾಕಿದ ಹಿತ್ತಾಳೆ ತಿರುಪು ಬೇಕು, ಆಗದಿದ್ದರೆ ಕಣ್ಣೂರಿನಿಂದ ಬೇರೆಯವನನ್ನು ಕರೆಸುತ್ತೇನೆ ಎಂದ ಧಣಿ. ಪೂವಪ್ಪ ಮಾನ ಮರ್ಯಾದೆ ಕಟ್ಟಿಟ್ಟು, ಕೂಳೂರಿನ ಕಡವಿನಲ್ಲಿ ದೋಣಿ ಹತ್ತಿ ಹೊಳೆ ದಾಟಿ, ಮಾವನ ಕಾಲು ಹಿಡಿದು, ಊಟಕ್ಕೆಂದು ಮನೆಗೆ ಕರೆತಂದ.

ಮುದುಕ ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡ. ಹಳೆಯದನ್ನು ಎತ್ತಲಿಲ್ಲ.

"ಪೆಟ್ಟಿಗೆಯಲ್ಲಿ ಹಲ್ಲಿನ ಉಳಿ ಉಂಟಲ್ಲ, ಥ್ರೆಡ್ ಹಾಕುವುದು ಅದರಲ್ಲೇ. ಅದಕ್ಕೆ ಕಣ್ಣು ಬೇಡ ಮಾರಾಯ, ಕೈಗೇ ಗೊತ್ತಾಗ್ತದೆ. ನಾಳೆ ಬಂದು ಕಲಿಸಿಕೊಡ್ತೇನೆ."

ಒಳಗೆ ಅಕ್ಕು ಕಾಯಿ ತುರಿಯುತ್ತಿದ್ದ ಸದ್ದು ಕೇಳುತ್ತಲೇ ಇತ್ತು. ಕೊನೆಗೆ ಪೂವಪ್ಪ ಎದ್ದುಹೋಗಿ ಮಣೆಯನ್ನೇ ತಂದು ಮಾವನ ಮುಂದಿಟ್ಟ. ಮುದ್ದು ಹಲ್ಲಿನ ಮೇಲೆ ಹೆಬ್ಬೆರಳು ಆಡಿಸಿದ. ಮತ್ತೊಮ್ಮೆ ಆಡಿಸಿದ.

"ಬೆಂಕಿಗೆ ಹಾಕಿದೆಯಾ?"

"ಹಾಕಿದೆ, ಮಾವ."

"ಉಕ್ಕಿನ ಹದ ಹೋಯ್ತು, ಹಲ್ಲಿನ ಸಾಲೂ ಹೋಯ್ತು. ಇನ್ನು ಇದು ಹಿತ್ತಾಳೆಗೆ ಆಗುವುದಿಲ್ಲ."

ಇನ್ನೊಂದು ಎಲ್ಲಿ ಸಿಗುತ್ತದೆ ಎಂದು ಪೂವಪ್ಪ ಕೇಳಿದ. ಜರ್ಮನಿಯದ್ದು, ಈಗ ಹೋಗಿ ಕೇಳು ಎಂದ ಮುದುಕ. ಅವನ ಮಂಜುಗಣ್ಣಿನಲ್ಲಿ ನೀರಿತ್ತು. ಅದು ಅಳಿಯನಿಗಾಗಿ ಅಲ್ಲ, ಉಳಿಗಾಗಿ ಎಂಬುದು ಪೂವಪ್ಪನಿಗೂ ತಿಳಿಯಿತು.

ಎಲೆ ಹಾಕಿ, ಅನ್ನಕ್ಕೆ ಕಾಯಿತುರಿಯ ಗಟ್ಟಿ ಸಾರು, ಗಸಿ, ಬಡಿಸಿದರು. ಪೂವಪ್ಪ ಅನ್ನ ಕಲಸುತ್ತಲೇ ಕೂತ. ಮುದ್ದು ಮಾತ್ರ ನಿಧಾನಕ್ಕೆ ಉಂಡು, ಎರಡನೇ ಸಲ ಹಾಕಿಸಿಕೊಂಡು, ಕೈತೊಳೆದು ಎದ್ದ.

"ಗಸಿ ಒಳ್ಳೆದಾಗಿದೆ ಅಕ್ಕು," ಎಂದ. "ಕಾಯಿ ಎಷ್ಟು ನುಣ್ಣಗೆ ತುರಿದಿದ್ದಿ."