ನರ್ಸಮ್ಮನ ಇರುವೆ

"ಇರುವೆ ಕಚ್ಚಿದ ಹಾಗೆ, ಅಷ್ಟೇ ಕಣೇ!"

ಹಳೇಬೀಡಿನ ಸುತ್ತಮುತ್ತ ನರ್ಸಮ್ಮ ಮೀನಾಕ್ಷಿ ಇಪ್ಪತ್ತು ವರ್ಷ ಈ ಒಂದೇ ಮಾತಿನಲ್ಲಿ ಕೆಲಸ ಸಾಗಿಸಿದ್ದಳು. ಸೂಜಿಗೂ ಅದೇ ಮಾತು, ಆಪರೇಷನ್ನಿಗೂ ಅದೇ ಮಾತು. ಹಿಂದೊಮ್ಮೆ ಆಪರೇಷನ್ನಿಗೆ ಹೆದರಿ ಕೊಟ್ಟಿಗೆಯಲ್ಲಿ ಅಡಗಿದ್ದ ಮುದ್ದಮ್ಮನನ್ನು ಪುಸಲಾಯಿಸಿ ಜೀಪು ಹತ್ತಿಸಿದ್ದೂ ಹೀಗೆಯೇ.

ಈಗ ಅವಳದೇ ಸರದಿ. ಎಡಗಾಲಿನ ರಕ್ತನಾಳಗಳು ಉಬ್ಬಿ, ಗಂಟುಗಂಟಾಗಿ ಮೀನಖಂಡದ ತುಂಬ ಹಬ್ಬಿದ್ದವು. ಸೀರೆಯನ್ನು ನೆಲ ಗುಡಿಸುವಷ್ಟು ಇಳಿಬಿಟ್ಟು ಮುಚ್ಚಿಕೊಂಡಿದ್ದಳು. ಕುಂಟುವುದನ್ನು ಮುಚ್ಚುವುದು ಹೇಗೆ?

"ಕಾಲು ಸರಿಮಾಡಿಸ್ಕೊಳ್ಳಿ. ಇಲ್ಲಾಂದ್ರೆ ಮುಂದಿನ ತಿಂಗಳಿಂದ ಬೇಲೂರು ಆಫೀಸಲ್ಲಿ ಕೂತು ರಿಜಿಸ್ಟರ್ ಬರೀರಿ" ಎಂದುಬಿಟ್ಟರು ವೈದ್ಯಾಧಿಕಾರಿ. ಮೀನಾಕ್ಷಿಯ ಕೈಯಲ್ಲಿ ಹುಟ್ಟಿದ ಕೂಸುಗಳು ಈಗ ಕಾಲೇಜಿಗೆ ಹೋಗುತ್ತಿದ್ದವು. ಆ ಮನೆಗಳ ಜಗಲಿ ಬಿಟ್ಟು ಕುರ್ಚಿಗೆ ಅಂಟಿಕೊಳ್ಳುವುದೆಂದರೆ ಅವಳಿಗೆ ಜೈಲೇ.

ಆ ಹೊತ್ತಿಗೆ, ಅಂದರೆ ೨೦೦೮ರಲ್ಲಿ, ದೊಡ್ಡದಾಗಿ ಕೊಯ್ಯದೆ ಲೇಸರ್‌ನಿಂದಲೇ ನಾಳ ಮುಚ್ಚುವ ಡಾಕ್ಟರೊಬ್ಬರು ವಾರಕ್ಕೊಮ್ಮೆ ಹಾಸನಕ್ಕೆ ಬರುತ್ತಿದ್ದರು. ಮೀನಾಕ್ಷಿ ಎರಡು ಸಲ ದಿನ ಗೊತ್ತುಮಾಡಿಕೊಂಡು ಎರಡು ಸಲವೂ ತಪ್ಪಿಸಿಕೊಂಡಳು. ಒಮ್ಮೆ ಪೋಲಿಯೋ ಹನಿಯ ನೆಪ, ಇನ್ನೊಮ್ಮೆ ನೆಗಡಿಯ ನೆಪ. ನಿಜ ಹೇಳಬೇಕೆಂದರೆ ಹೆದರಿಕೆ, ಬರೀ ಹೆದರಿಕೆ!

ಮೂರನೆಯ ಸಲ, ಸುದ್ದಿ ತಿಳಿದ ಮುದ್ದಮ್ಮ ಬಾಗಿಲಿಗೇ ಬಂದು ನಿಂತಳು. ಹಿಂದೆ ಗಂಡ ದ್ಯಾವಯ್ಯನ ಜೀಪು, ಅದರೊಳಗೆ ಹಾಸಿಗೆ, ದಿಂಬು.

"ನಡೀರಿ ನರ್ಸಮ್ಮ, ಹೊತ್ತಾಯ್ತದೆ."

"ಇವತ್ತು ಬೇಡ ಕಣೇ, ಯಾಕೋ ಮೈ ಸರಿಯಿಲ್ಲ."

"ನಾನೂ ಅವತ್ತು ಹಿಂಗೇ ಅಂದಿದ್ದೆ. ಇರುವೆ ಕಚ್ದಂಗೆ ಅಂದ್ರಿ. ನಿಮ್ಮಿರುವೆ ನಿಮ್ಗೂ ಒಂದ್ಸಲ ಕಚ್ಲಿ, ಹತ್ರೀ ಜೀಪು!"

ಮೀನಾಕ್ಷಿ ಹತ್ತಿದಳು.

ಹಾಸನದಲ್ಲಿ ನಾಲ್ಕಾರು ಸೂಜಿ ಚುಚ್ಚಿ ಕಾಲು ಮರಗಟ್ಟಿಸಿದರು. ಪ್ರತಿ ಸೂಜಿಗೂ ಅವಳು ತನ್ನ ಇರುವೆಗೆ ಮನಸಾರೆ ಶಾಪ ಹಾಕಿದಳು. ಮಂಡಿಯ ಬಳಿ ಒಂದು ಸಣ್ಣ ತೂತು, ಅದರೊಳಗೆ ದಾರದಂಥ ತಂತಿ. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಬಿಗಿಯಾದ ಉದ್ದ ಕಾಲುಚೀಲ ಏರಿಸಿ, "ಎದ್ದು ಓಡಾಡಿ" ಎಂದರು ಡಾಕ್ಟರು.

"ಈಗಲೇ?"

"ಈಗಲೇ. ಮನೆಗೆ ಹೋಗಿ ಮಲಗಿಬಿಡಬೇಡಿ, ನಡೀರಿ."

ಸಂಜೆ ಊರಿನ ತಿರುವಿನಲ್ಲಿ ಮೀನಾಕ್ಷಿ ಜೀಪು ನಿಲ್ಲಿಸಿ ಇಳಿದಳು. ಬೀದಿಯ ನಡುವೆ ಅವಳು ಮುಂದೆ, ಖಾಲಿ ಹಾಸಿಗೆ ಹೊತ್ತ ಜೀಪು ಹಿಂದೆ. ಬ್ರೆಡ್ಡು, ಮೋಸಂಬಿ ಹಿಡಿದು ರೋಗಿಯನ್ನು ನೋಡಲು ಕಾದಿದ್ದವರು ಬಾಯಿ ಬಿಟ್ಟುಕೊಂಡು ನಿಂತರು. ಅವಳೇ ಒಳಗೆ ಹೋಗಿ ಎಲ್ಲರಿಗೂ ಕಾಫಿ ತಂದುಕೊಟ್ಟಳು. ಇಷ್ಟು ಹಿಗ್ಗು ಅವಳಿಗೆ ಕೆಲಸ ಸಿಕ್ಕ ದಿನವೂ ಆಗಿರಲಿಲ್ಲ.

ಮುಂದಿನ ತಿಂಗಳು ಬೇಲೂರಿನ ಕುರ್ಚಿ ಖಾಲಿಯೇ ಉಳಿಯಿತು. ಮೀನಾಕ್ಷಿ ಹಳ್ಳಿಯ ಜಗಲಿಯೊಂದರಲ್ಲಿ, ಕಣ್ಣಿನ ಪೊರೆ ತೆಗೆಸಲು ಹೆದರುತ್ತಿದ್ದ ಮುನಿಯಮ್ಮಜ್ಜಿಯ ಮುಂದೆ ಕೂತಿದ್ದಳು.

"ನೋಯ್ತದಾ ನರ್ಸಮ್ಮ?"

ಹಳೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಸೀರೆಯನ್ನು ಮಂಡಿಯವರೆಗೆ ಎತ್ತಿ, ಅಜ್ಜಿಯ ಬೆರಳು ಹಿಡಿದು ಆ ಪುಟ್ಟ ಕಲೆಯ ಮೇಲೆ ಇಟ್ಟಳು.

"ಸುಳ್ಳು ಯಾಕೆ ಹೇಳ್ಲಿ ಅಜ್ಜಿ, ಇರುವೆ ಅಲ್ಲ, ಕಟ್ಟಿರುವೆ. ಆದ್ರೆ ನಿಮ್ಮ ಮನೆಗೆ ನಡ್ಕೊಂಡೇ ಬಂದಿದೀನಿ, ನೋಡಿ."