ಕಸಿಯ ಗಂಟು

ಅಮ್ಮ ನೆಟ್ಟ ಸೇಬಿನ ಮರ ಬುಡ ಕೊಳೆತು ಸಾಯುತ್ತಿದ್ದಾಗ, ಅದರಲ್ಲಿ ಜೀವವಿದ್ದ ಒಂದೇ ಕಡ್ಡಿಯನ್ನು ಕಾಡುಸೇಬಿನ ಸಸಿಗೆ ಕಸಿ ಕಟ್ಟಿದವನು ನಾನು. ಮಹಡಿಯ ಬಾಡಿಗೆ ಮನೆಯಲ್ಲಿರುವ ನನಗೆ ಅಂಗೈಯಗಲ ನೆಲವಿಲ್ಲ. ಆದುದರಿಂದ ಸಸಿಯನ್ನು ದೂರದ ಊರಿನಲ್ಲಿರುವ ತಂಗಿಯ ಹಿತ್ತಿಲಲ್ಲಿ ನೆಟ್ಟು, ಜೋಪಾನವೆಂದು ಅವಳ ಗಂಡನಿಗೆ ನೂರು ಸಲ ಹೇಳಿದ್ದೆ. ಆತ ದರ್ಜಿ, ಕತ್ತರಿ ಹಿಡಿದರೆ ತನಗೆ ಸಮನಿಲ್ಲವೆಂಬ ಜಂಬದವನು. ಮಂಡಿನೋವಿನಿಂದ ನನಗೆ ಮತ್ತೆ ಅತ್ತ ಹೋಗಲಾಗಲಿಲ್ಲ. ಫೋನಿನಲ್ಲಿ ವಿಚಾರಿಸಿದಾಗಲೆಲ್ಲ, “ಚೆನ್ನಾಗಿದೆ” ಎಂದೇ ಉತ್ತರ.

ಏಳನೆಯ ವರ್ಷ ಮೊದಲ ಫಲ ತಿನ್ನಲು ಕರೆ ಬಂತು. ಮಂಡಿನೋವನ್ನೂ ಮರೆತು ಹೊರಟೆ. ಹಿತ್ತಿಲಿಗೆ ಕಾಲಿಟ್ಟರೆ ಉದುರಿ ಕೊಳೆತ ಹಣ್ಣಿನ ಹುಳಿನಾತ, ಗುಂಯ್ಗುಡುವ ನೊಣ, ಚಪ್ಪಲಿಗೆ ಮೆತ್ತುವ ರೊಜ್ಜು. ಮರವೇನೋ ಗೋಡೆ ಮೀರಿತ್ತು. ಕಾಯಿ ಮಾತ್ರ ಗೋಲಿಯಷ್ಟು. ಒಂದನ್ನು ಕಚ್ಚಿದೆ. ಒಗರಿಗೆ ನಾಲಗೆ ಮುದುಡಿತು. ಉಳಿದರ್ಧದಲ್ಲಿ ಅರ್ಧ ಹುಳು ಹೊರಳಾಡುತ್ತಿತ್ತು. ಥೂ ಎಂದು ಉಗಿದೆ.

“ಏನ್ ಭಾವ, ಹಲ್ಲು ಜುಮ್ಮಂತಾ? ಒಗರು ರಕ್ತಕ್ಕೆ ಒಳ್ಳೇದಂತೆ!” ಎಂದ ತಂಗಿಯ ಗಂಡ.

ನಾನು ಬಗ್ಗಿ ಕಾಂಡವನ್ನು ತಡವಿದೆ. “ಕಸಿಯ ಗಂಟೆಲ್ಲಯ್ಯಾ?”

“ಬಾವು ಬಂದಂಗೆ ಊದ್ಕೊಂಡಿತ್ತಲ್ಲ, ಅದಾ? ಮಾರನೇ ವರ್ಷವೇ ಅದರ ಕೆಳಗಿಂದ ಕತ್ತರಿಸಿ ಬಿಸಾಕಿದೆ. ಜೋಡಿಸಿದ್ದು ಹೊರಗೆ ಕಾಣಬಾರದು, ಭಾವ. ಅಂಥ ಅಂಗಿ ಕೊಟ್ರೆ ಗಿರಾಕಿ ಮುಖಕ್ಕೇ ಎಸೀತಾನೆ. ಈಗ ನೋಡಿ, ಇಸ್ತ್ರಿ ಮಾಡಿದಂಗೆ ನೆಟ್ಟಗಿದೆ!”

“ಗಂಟಿನ ಮೇಲಿದ್ದದ್ದು ಅಮ್ಮನ ಮರ ಕಣಯ್ಯಾ. ಕೆಳಗಿದ್ದದ್ದು ಬರೀ ಕಾಡು.”

“ಅಷ್ಟೇ ತಾನೆ? ಇನ್ನೊಂದು ಕಡ್ಡಿ ತಂದು ಕಟ್ಟಿ.”

ಎಲ್ಲಿಂದ ತರಲಿ? ಆ ಮರ ಸೌದೆಯಾಗಿ ಎಷ್ಟು ಕಾಲವಾಯಿತು! ತಂಗಿಯತ್ತ ತಿರುಗಿದೆ. “ನಿನಗೆ ಗೊತ್ತಿತ್ತೇನೇ?”

“ನೀನು ನೊಂದ್ಕೋತೀಯ ಅಂತ ಹೇಳಲಿಲ್ಲಣ್ಣ. ಆ ಕಡ್ಡೀನ ಹುರುಳಿಕಾಯಿ ಬಳ್ಳಿಗೆ ಊರುಗೋಲು ಮಾಡಿದ್ವಿ. ಪಾಪ, ಎರಡು ಚಿಗುರೂ ಬಿಟ್ಟಿತ್ತು. ಆಮೇಲೆ ಒಣಗಿಹೋಯ್ತು.”

ಆ ಎರಡು ಚಿಗುರುಗಳು ಕಾಣುತ್ತಿದ್ದಾಗ ನನಗೊಂದು ಮಾತು ತಿಳಿಸಿದ್ದರೆ ಸಾಕಾಗಿತ್ತು, ಮತ್ತೆ ಕಸಿ ಕಟ್ಟುತ್ತಿದ್ದೆ. ಬೈಯಬೇಕೆಂದು ಬಾಯಿ ತೆರೆದರೆ ಒಗರಿಗೆ ನಾಲಗೆಯೇ ಹೊರಳಲಿಲ್ಲ. ಅಷ್ಟರಲ್ಲಿ ಅವಳು ಮರದ್ದು, ನೆಲದ್ದು ಎನ್ನದೆ ಚೀಲದ ತುಂಬ ಆ ಕಾಯಿಗಳನ್ನೇ ತುಂಬಿ ತಂದಳು.

“ಅಮ್ಮನ ಮರದ ಹಣ್ಣು ಅಂತ ಅತ್ತಿಗೆಗೆ ಕೊಡಣ್ಣ. ಅವರಿಗೇನು ಗೊತ್ತಾಗುತ್ತೆ?”

ಚೀಲವನ್ನು ತೆಗೆದುಕೊಂಡೆ. ಮುಂದಿನ ಕೋಣೆಯಲ್ಲಿ ಆತನ ಮೇಜು. ಅದರ ಮೇಲೆ ಮಡಿಸಿಟ್ಟ ಬಿಳಿಯ ಅಂಗಿಗಳು. ಕೊಳೆತದ್ದು, ಹುಳು ಬಿದ್ದದ್ದು, ಎಲ್ಲವನ್ನೂ ಅವುಗಳ ಮೇಲೆ ಸುರಿದೆ.

“ಅಯ್ಯೋ, ಗಿರಾಕಿ ಅಂಗಿ ಭಾವ! ಆ ಕಲೆ ಹೋಗಲ್ಲ!”

ಹೋಗದಿರಲಿ ಎಂದುಕೊಂಡು ಮೆಟ್ಟಿಲಿಳಿದೆ.