ಬೋಟಿಗೆ ಎರಡು ಹೆಸರು

ಬ್ರಿಟನಿ ಕರಾವಳಿಯ ಆ ಬಂದರಿನಲ್ಲಿ ಬೋಟಿಗೆ ಮನೆಯವರ ಹೆಸರನ್ನೇ ಇಡುತ್ತಿದ್ದರು, ಅದೂ ಜೋಡಿಯಾಗಿ: 'ಪೋಲ್-ಒದೆತ್', 'ಅರ್ಮೆಲ್-ಜೋಸಿಯಾನ್'. ಸಂಜೆ ಏಳಕ್ಕೆ ಹೆಂಗಸರು ಅಡುಗೆಮನೆಯ ರೇಡಿಯೊ ಹಾಕಿದರೆ ಬೋಟುಗಳು ಒಂದನ್ನೊಂದು ಕರೆಯುವುದು ಕೇಳುತ್ತಿತ್ತು. ಊರಿನ ಮಕ್ಕಳ ಹಾಜರಿ ಕೂಗಿದಂತಿರುತ್ತಿತ್ತು ಅದು.

ರೊನಾನನ ಹಳೆಯ ಬೋಟು 'ಇವೊನ್-ಫ್ಲೊರಾಂ'. ಇವೊನ್ ತೀರಿಕೊಂಡ ಮೊದಲ ಹೆಂಡತಿ. ಫ್ಲೊರಾಂ ಅವರಿಬ್ಬರ ಮಗ, ಹದಿನೈದರವನು. 1974ರ ಮಾರ್ಚಿನಲ್ಲಿ ರೊನಾನ್ ಅದನ್ನು ಬೇರೆ ಬಂದರಿನವನಿಗೆ ಮಾರಿ, ಹದಿನಾರು ಮೀಟರಿನ ಹೊಸ ಬೋಟು ಕಟ್ಟಿಸಿದ. ಅವನ ಈಗಿನ ಹೆಂಡತಿ ನಿಕೋಲ್ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು. ಎರಡು ವರ್ಷದ ಹಿಂದೆ ಮದುವೆಯಾಗಿ ಬರುವಾಗ ಮಗಳು ಜಿಸೆಲ್‌ಳನ್ನೂ ಕರೆತಂದಿದ್ದಳು. ಹುಡುಗಿಗೆ ಈಗ ಒಂಬತ್ತು. ರೊನಾನನನ್ನು ಇನ್ನೂ ಹೆಸರು ಹಿಡಿದೇ ಕರೆಯುತ್ತಿದ್ದಳು.

ಹೊಸ ಬೋಟಿನ ಹೆಸರೇನೆಂದು ನಿಕೋಲ್ ಕೇಳಲಿಲ್ಲ. ಕೇಳಿ ಪಡೆಯುವಂಥದ್ದಲ್ಲ ಅದು ಎಂದು ಅವಳಿಗೆ ಗೊತ್ತಿತ್ತು. ಆದರೆ ಒಂದು ದಿನ ಬಚ್ಚಲಮನೆಯ ಬಾಗಿಲಾಚೆಯಿಂದ ಮಗಳ ದನಿ ಕೇಳಿತು: "ಫ್ಲೊರಾಂ-ಜಿಸೆಲ್, ಫ್ಲೊರಾಂ-ಜಿಸೆಲ್, ಕೇಳ್ತಿದ್ಯಾ?" ರೇಡಿಯೊದ ಗರಗರ ಸದ್ದನ್ನೂ ಅವಳೇ ಮಾಡುತ್ತಿದ್ದಳು. ಅದೇ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಇವೊನ್‌ಳ ತಾಯಿ, ಹಳೆಯ ಬೋಟಿನ ಮೇಲಿದ್ದ ಹೆಸರೇ ಹೊಸದರ ಮೇಲೂ ಇರುತ್ತದೆ ಎಂದು ನಾಲ್ಕು ಜನರಿಗೆ ಕೇಳುವಂತೆ ಹೇಳಿದಳು.

ಬೋಟುಗಳಿಗೆ ಹೆಸರು ಬರೆಯುವ ಆನ್ಸೆಲ್ಮನದೊಂದು ಕಟ್ಟಳೆಯಿತ್ತು. ಹೆಸರನ್ನು ಬೋಟುಗಳು ಬಂದು ನಿಲ್ಲುವ ಈಚೆ ದಕ್ಕೆಯಿಂದ ಹೆಚ್ಚೆಂದರೆ ಮೂರು ಸಲ ಕೂಗಬಹುದು. ನೂರನಲವತ್ತು ಮೀಟರ್ ನೀರಿನಾಚೆಯ ದಕ್ಕೆಯಲ್ಲಿ ನಿಂತವರಿಗೆ ಎರಡೂ ಹೆಸರು ಸ್ಪಷ್ಟವಾಗಿ ಕೇಳಿದರೆ ಕೈ ಎತ್ತಬೇಕು; ಅಲ್ಲಿಗೆ ಕೂಗು ಮುಗಿಯಿತು. ಮೂರರೊಳಗೆ ಕೈ ಏಳದಿದ್ದರೆ ಅವನು ಕುಂಚ ಮುಟ್ಟುತ್ತಿರಲಿಲ್ಲ. 'ಇವೊನ್-ಫ್ಲೊರಾಂ' ಅವನಿಗೆ ಎಂದೂ ಹಿಡಿಸಿರಲಿಲ್ಲ. ಫ್ಲೊರಾಂ ಕೊನೆಗೆ ಬಂದರೆ ದನಿ ಮೂಗಿನಲ್ಲೇ ಅಡಗಿ, ಬಿರುಗಾಳಿಯಲ್ಲಿ ಅರ್ಧ ಹೆಸರಷ್ಟೇ ದಡ ಮುಟ್ಟುತ್ತದೆ ಎನ್ನುತ್ತಿದ್ದ.

ಶನಿವಾರ ಬೆಳಿಗ್ಗೆ ರೊನಾನ್ ತಾಯಿ ಮಗಳನ್ನು ಆಚೆ ದಕ್ಕೆಗೆ ಕಳಿಸಿದ. ಹೊರಡುವ ಮುಂಚೆ, ಯಾವ ಹೆಸರಿಗೆ ಕಿವಿ ಕೊಡಬೇಕು ಎಂದು ಜಿಸೆಲ್ ಕೇಳಿದಳು.

"ಮೊದ್ಲೇ ಹೇಳ್ಬಿಟ್ರೆ ಪರೀಕ್ಷೆ ಎಂಥದು ಮಾರಾಯ್ತಿ?" ಎಂದ ಆನ್ಸೆಲ್ಮ.

ನೈರುತ್ಯದ ಗಾಳಿ ಬೀಸುತ್ತಿತ್ತು. ಅವರು ಬಿಟ್ಟು ಬಂದ ದಕ್ಕೆಯಲ್ಲಿ ರೊನಾನ್ ಕೂಗುತ್ತಾನೆಂದುಕೊಂಡರೆ ಮುಂದೆ ಬಂದವನು ಫ್ಲೊರಾಂ. ಅಜ್ಜಿ ಹೇಳಿಕೊಟ್ಟಂತೆ ತನ್ನ ಅಮ್ಮನ ಹೆಸರನ್ನೇ ಕೂಗುತ್ತಾನೆ ಎಂದು ನಿಕೋಲ್‌ಗೆ ಅನ್ನಿಸಿತು. ಮಗಳ ಹೆಗಲ ಮೇಲೆ ಕೈಯಿಟ್ಟು, ಆಮೇಲೆ ಹೇಳಬೇಕಾದ ಸಮಾಧಾನದ ಮಾತನ್ನು ಹುಡುಕಿಕೊಳ್ಳತೊಡಗಿದಳು.

"ಫ್ಲೊರಾಂ-ಜಿಸೆಲ್!"

ಮೊದಲ ಹೆಸರಿನ ಬಾಲ ಎರಡನೆಯದರೊಳಗೆ ಹರಿದು, ಒಂದೇ ಹೆಸರೆಂಬಂತೆ ನೀರು ದಾಟಿ ಬಂತು. ಕೊನೆಯ 'ಎಲ್' ಕಿವಿಯಲ್ಲಿ ನಿಂತಿತು. ಹಳೆಯ ಬೋಟನ್ನು ಕೊಂಡವನಿಂದ, ಅದರ ಹೆಸರು ಬದಲಿಸುವುದಿಲ್ಲವೆಂದು ಫ್ಲೊರಾಂನೇ ಮಾತು ತೆಗೆದುಕೊಂಡಿದ್ದ; ಅಮ್ಮನ ಹೆಸರು ಕಡಲಲ್ಲೇ ಇದೆ ಎಂದು ಅಜ್ಜಿಗೂ ಅವನೇ ಹೇಳಿದ್ದ. ಇದೆಲ್ಲ ನಿಕೋಲ್‌ಗೆ ತಿಳಿದದ್ದು ಆಮೇಲೆ.

ಜಿಸೆಲ್ ಕೈ ಎತ್ತಲಿಲ್ಲ. ಫ್ಲೊರಾಂ ಮತ್ತೆ ಕೂಗಿದ. ಆಗಲೂ ಎತ್ತಲಿಲ್ಲ. ಆಚೆ ಆನ್ಸೆಲ್ಮ ಆಗದೆಂಬಂತೆ ತಲೆಯಾಡಿಸುತ್ತ ಬಣ್ಣದ ಡಬ್ಬಿಯ ಮುಚ್ಚಳ ಹುಡುಕತೊಡಗಿದ.

ನಿಕೋಲ್ ಬಗ್ಗಿದಳು. "ಕೇಳಿಸ್ಲಿಲ್ವೇನೆ?"

"ಕೇಳಿಸ್ತಮ್ಮ. ಮೊದಲ್ನೇ ಸಲಾನೇ ಕೇಳಿಸ್ತು."

"ಮತ್ತೆ ಕೈ?"

"ಎತ್ತಿದ್ರೆ ಅವ್ನು ನಿಲ್ಲಿಸ್ಬಿಡ್ತಾನೆ."

ನಿಕೋಲ್ ತನ್ನ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಇಳಿಸಿದಳು. ಫ್ಲೊರಾಂ ದಕ್ಕೆಯ ತುದಿಯವರೆಗೆ ನಡೆದು, ಉಸಿರು ತುಂಬಿಕೊಂಡು ಮೂರನೆಯ ಸಲ ಕೂಗಿದ. ಹೆಸರು ಪೂರ್ತಿಯಾಗಿ ಬಂದು ಮುಟ್ಟುವವರೆಗೂ ಕಾದು, ಜಿಸೆಲ್ ಎರಡೂ ಕೈ ಎತ್ತಿದಳು.